ಗದ್ದಲ ತಣ್ಣಗಾದ ಮೇಲೂ ಪೂರ್ತಿ ಕೇಳಿಸಿಕೊಳ್ಳುವ ಪಾಪ್ ಆಲ್ಬಂಗಳು

2024ರ ದೊಡ್ಡ ಪಾಪ್ ಆಲ್ಬಂಗಳನ್ನು ಅವು ಬಿಡುಗಡೆಯಾದ ವಾರದಲ್ಲೇ ಎಲ್ಲರೂ ಅಳೆದು ತೂಗಿ ಮುಗಿಸಿದ್ದಾರೆ. ಆ ಗದ್ದಲ ತಣ್ಣಗಾದ ಮೇಲೂ ಅವುಗಳಲ್ಲಿ ಯಾವುದನ್ನು ನಡುವೆ ಒಂದು ಹಾಡನ್ನೂ ಹಾರಿಸದೆ ಕೇಳುತ್ತಿದ್ದೇನೆ ಎಂಬುದಷ್ಟೇ ಈ ವಿಮರ್ಶೆಯ ಅಳತೆಗೋಲು.

ಆ ಅಳತೆಯಲ್ಲಿ ಬಿಲ್ಲಿ ಐಲಿಶ್ ಅವರ ‘ಹಿಟ್ ಮಿ ಹಾರ್ಡ್ ಅಂಡ್ ಸಾಫ್ಟ್’ಗೆ ಸಾಟಿಯಿಲ್ಲ. ಇರುವುದು 10 ಹಾಡು, ಅವಧಿ ಮುಕ್ಕಾಲು ಗಂಟೆಗೂ ಕಡಿಮೆ. ಬಿಡುಗಡೆಗೆ ಮೊದಲು ಒಂದು ಸಿಂಗಲ್ ಕೂಡ ಹೊರಬರದ ಕಾರಣ, ಹಾಡುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳದೆ, ಇಡೀ ಆಲ್ಬಂ ಒಂದೇ ರಚನೆಯಾಗಿ ಮನಸ್ಸಿಗೆ ಇಳಿಯಿತು. ಅಣ್ಣ ಫಿನಿಯಸ್ ಅವರ ನಿರ್ಮಾಣದ ಹೆಚ್ಚುಗಾರಿಕೆ ಹೆಡ್‌ಫೋನಿನಲ್ಲಿ ಹಲವು ಸಲ ಕೇಳಿದ ಮೇಲೆಯೇ ತಿಳಿಯುತ್ತದೆ: ಮೆಲುದನಿಯ ಗಿಟಾರಿನಲ್ಲಿ ತೊಡಗಿದ ಹಾಡು ಡ್ರಮ್ಮುಗಳ ಅಬ್ಬರಕ್ಕೇರುತ್ತದೆ, ಇನ್ನೊಂದು ತನ್ನ ಉತ್ತರಾರ್ಧದಲ್ಲಿ ಲಯವನ್ನೇ ಬದಲಿಸಿ ಬೇರೆ ಹಾಡಾಗಿಬಿಡುತ್ತದೆ. ಪಿಸುಮಾತಿನ ಗಾಯಕಿ ಎಂದೇ ಹೆಸರಾಗಿದ್ದವರು ಇಲ್ಲಿ ತಾರಸ್ಥಾಯಿಯಲ್ಲಿ ತುಂಬುಕಂಠದಿಂದ ಹಾಡಿದ್ದಾರೆ, ಅಟಾಕಾ ಕ್ವಾರ್ಟೆಟ್‌ನ ತಂತಿವಾದ್ಯಗಳು ಆ ದನಿಗೆ ಅಡ್ಡಬರದೆ ಆಸರೆಯಾಗಿವೆ.

ಟೇಲರ್ ಸ್ವಿಫ್ಟ್ ಅವರ ‘ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ ಕುರಿತು ನನ್ನ ತಕರಾರು ಸಾಹಿತ್ಯದ್ದಲ್ಲ, ಉದ್ದದ್ದು. 16 ಹಾಡುಗಳ ಆಲ್ಬಂ ಬಂದ ಎರಡು ಗಂಟೆಯೊಳಗೆ ಮತ್ತೆ 15 ಸೇರಿ, ಒಟ್ಟು ಅವಧಿ ಎರಡು ಗಂಟೆ ದಾಟಿತು. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಆಲಿಕೆಯೆಂದು ಲೆಕ್ಕವಾಗುವ ಕಾಲದಲ್ಲಿ ಹಾಡುಗಳ ಸಂಖ್ಯೆ ಹೆಚ್ಚಿದಷ್ಟೂ ಲಾಭವೇ. ಆದರೆ ಕೇಳುಗನ ಗಮನ ಹಾಗೆ ಹಿಗ್ಗುವುದಿಲ್ಲ. ಒಂದೇ ಬಗೆಯ ಮಧ್ಯಮ ಗತಿ, ಒಂದೇ ಬಗೆಯ ಸಿಂಥ್ (ವಿದ್ಯುನ್ಮಾನ ಕೀಬೋರ್ಡ್) ಹಾಸಿನ ಮೇಲೆ ಹೊಸೆದ ಹಾಡುಗಳಲ್ಲಿ ನಿಜಕ್ಕೂ ಒಳ್ಳೆಯ ಚರಣಗಳು ಹುದುಗಿಹೋಗಿವೆ. ಸಂಗೀತ ನಿರ್ಮಾಪಕ ಆರನ್ ಡೆಸ್ನರ್ ಜೊತೆ ಮಾಡಿದ, ಪಿಯಾನೋ ಮುಂದಿರುವ ಹಾಡುಗಳನ್ನಷ್ಟೇ ಆರಿಸಿ ಈಗಲೂ ಕೇಳುತ್ತೇನೆ.

ಹಾಗೆಂದು ಉದ್ದವೇ ದೋಷವಲ್ಲ. ಬಿಯಾನ್ಸೆ ಅವರ ‘ಕೌಬಾಯ್ ಕಾರ್ಟರ್’ನಲ್ಲಿ 27 ತುಣುಕುಗಳಿದ್ದರೂ, ರೇಡಿಯೋ ಪ್ರಸಾರದ ಚೌಕಟ್ಟು ಅವನ್ನು ಹಿಡಿದಿಟ್ಟಿದೆ. ವಿಲ್ಲಿ ನೆಲ್ಸನ್, ಡಾಲಿ ಪಾರ್ಟನ್, ಲಿಂಡಾ ಮಾರ್ಟೆಲ್ ಅವರಂಥ ಹಿರಿಯರ ಮಾತುಗಳು ಅಮೆರಿಕದ ಹಳ್ಳಿಗಾಡಿನ ಬೇರಿನ ಕಂಟ್ರಿ ಸಂಗೀತ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಜೀವಂತವಾಗಿಡುತ್ತವೆ. 2025ರಲ್ಲಿ ಇದಕ್ಕೆ ವರ್ಷದ ಆಲ್ಬಂ ಗ್ರ್ಯಾಮಿ ಸಂದದ್ದು ನ್ಯಾಯವೇ, ನನ್ನ ಮತ ಮಾತ್ರ ಬಿಲ್ಲಿಯವರಿಗೇ.

ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ‘ಬ್ರ್ಯಾಟ್’ ಮೊದಮೊದಲು ಬರೀ ಕ್ಲಬ್ಬಿನ ಸದ್ದೆನಿಸಿತ್ತು. ಅಸೂಯೆ, ಆತ್ಮಸಂಶಯ, ಅಗಲಿದ ಗೆಳತಿಯ ನೆನಪು ಇವೆಲ್ಲ ಆ ಸದ್ದಿನಡಿ ಇರುವುದು ನಿಧಾನವಾಗಿ ಗೋಚರಿಸಿತು. ಸಬ್ರಿನಾ ಕಾರ್ಪೆಂಟರ್ ಅವರ ‘ಶಾರ್ಟ್ ಎನ್ ಸ್ವೀಟ್’ನದು ಇದಕ್ಕೆ ತಿರುವುಮುರುವು. ಅದರ ಚುರುಕು ಹಾಸ್ಯ ಮೊದಲ ಆಲಿಕೆಗೇ ನಗಿಸುತ್ತದೆ, ಆದರೆ ಕೇಳಿದ ಜೋಕನ್ನೇ ಮತ್ತೆ ಕೇಳಿದಂತಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಅವಧಿ 36 ನಿಮಿಷವಷ್ಟೇ ಆದ್ದರಿಂದ ಅದನ್ನು ಸಹಿಸಿಕೊಳ್ಳಬಹುದು.