ಚಾರಣಕ್ಕೆ ರೆಡಿಮೇಡ್ ಪ್ರಥಮ ಚಿಕಿತ್ಸೆ ಕಿಟ್ಟಾ, ಮೆಡಿಕಲ್ ಶಾಪಿನಲ್ಲಿ ಆರಿಸಿ ತುಂಬಿದ ಚೀಲವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚೀಲಕ್ಕೆ. ಎರಡನ್ನೂ ಬೆನ್ನಿಗೆ ಹೊತ್ತು ಕಾಡು ಸುತ್ತಿದ ಮೇಲೆ ಹೇಳುತ್ತಿರುವ ಮಾತು ಇದು.

ರೆಡಿಮೇಡ್ ಕಿಟ್ಟನ್ನು 1,250 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದೆ. ನೂರಕ್ಕೂ ಜಾಸ್ತಿ ಸಾಮಾನು ಇದೆ ಅಂತ ಡಬ್ಬಿ ಮೇಲೆ ಬರೆದಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಸಣ್ಣ ಪ್ಲಾಸ್ಟರ್ ಪಟ್ಟಿ, ಸ್ಪಿರಿಟ್ ಹಚ್ಚಿದ ಕಾಗದ. ಇದು ನನಗೆ ಗೊತ್ತಾಗಿದ್ದು ಕುಮಾರ ಪರ್ವತದಲ್ಲಿ.

ಶೇಷ ಪರ್ವತ ಇಳಿದು ಕಲ್ಲು ಮಂಟಪದ ಕಡೆ ಬರುತ್ತಿದ್ದೆವು. ಒದ್ದೆ ಹುಲ್ಲಿನ ಕೆಳಗೆ ಕಲ್ಲು ಸಡಿಲವಾಗಿತ್ತು, ಗೆಳೆಯನ ಬಲಗಾಲು ಹೊರಳಿ ಉಳುಕಿತು. ಹತ್ತು ನಿಮಿಷದಲ್ಲಿ ಹರಡಿನ ಹೊರಬದಿ ನಿಂಬೆಹಣ್ಣಿನಷ್ಟು ಊದಿಕೊಂಡಿತು. ದಾರಿಯಲ್ಲಿ ಚಾರಣಿಗರಿಗೆ ಆಸರೆಯಾಗುವ ಭಟ್ಟರ ಮನೆ ಇನ್ನೂ ಕೆಳಗೆ, ಮೊಬೈಲ್‌ಗೆ ಸಿಗ್ನಲ್ ಇಲ್ಲ.

ಕಿಟ್ಟಿನಲ್ಲಿದ್ದ, ಎಳೆದರೆ ಹಿಗ್ಗುವ ಕ್ರೇಪ್ ಬ್ಯಾಂಡೇಜ್ ಮೂರು ಬೆರಳು ಅಗಲ, ಅಷ್ಟೆ. ಪಾದಕ್ಕೆ ಎರಡು ಸುತ್ತು, ಹರಡಿಗೆ ಎರಡು ಸುತ್ತು ಹಾಕುವಷ್ಟರಲ್ಲಿ ಮುಗಿದೇಹೋಯಿತು. ಅದರ ಜೊತೆ ಎರಡು ಪುಟ್ಟ ಕಬ್ಬಿಣದ ಕೊಕ್ಕೆ ಕೊಟ್ಟಿದ್ದರು, ಒಂದು ಹುಲ್ಲಿನೊಳಗೆ ಬಿದ್ದು ಸಿಗಲೇ ಇಲ್ಲ. ಸರಿ, ಟೇಪ್ ಹಾಕೋಣ ಅಂದರೆ ಅದು ತೆಳ್ಳಗಿನ ಕಾಗದದ ಟೇಪು. ಬೆವರು, ಮಂಜು, ಮಣ್ಣು ಎಲ್ಲ ಸೇರಿ ಕಾಲು ತೇವವಾಗಿತ್ತು. ಅಂಟಿಸಿ ಕೈ ತೆಗೆದ ತಕ್ಷಣ ತುದಿ ಮೇಲೇಳುತ್ತಿತ್ತು. ಒರೆಸಿ, ಊದಿ ಒಣಗಿಸಿ ಮತ್ತೆ ಅಂಟಿಸಿದೆ. ಹತ್ತು ಹೆಜ್ಜೆ ಹಾಕಿದರೆ ಬ್ಯಾಂಡೇಜ್ ಜಾರಿ ಹಿಮ್ಮಡಿ ಹತ್ತಿರ ಬಂದು ಕೂರುತ್ತಿತ್ತು.

ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಪ್ರತಿ ಸಲವೂ ಅವನು ಹಲ್ಲು ಕಚ್ಚಿ ಕಲ್ಲಿನ ಮೇಲೆ ಕೂರಬೇಕು, ಶೂ ಬಿಚ್ಚಬೇಕು, ಊದಿದ ಕಾಲನ್ನು ಮತ್ತೆ ಅದರೊಳಗೆ ತೂರಿಸಬೇಕು. ಅಷ್ಟರಲ್ಲಿ ಬಿಸಿಲು ಹೊರಟೇಹೋಗಿತ್ತು. ಕೊನೆಗೆ ಅವನ ಬೈರಾಸನ್ನೇ ಉದ್ದಕ್ಕೆ ಹರಿದು, ಶೂ ಬಿಚ್ಚದೆ ಅದರ ಮೇಲೆಯೇ ಎಂಟರ ಆಕಾರದಲ್ಲಿ ಸುತ್ತಿ ಗಂಟು ಹಾಕಿದೆ. ಅದು ನಿಂತಿತು! ಟಾರ್ಚ್ ಹಿಡಿದು, ಕೋಲು ಊರಿಸಿಕೊಂಡು, ಏಳೂವರೆಗೆ ಭಟ್ಟರ ಮನೆ ಮುಟ್ಟಿದೆವು.

ಈಗಿನ ಚೀಲ ಶುರುವಾಗಿದ್ದೇ ಬ್ಯಾಂಡೇಜಿನಿಂದ. 15 ಸೆಂಟಿಮೀಟರ್ ಅಗಲ, 4 ಮೀಟರ್ ಉದ್ದದ ಕ್ರೇಪ್ ಎರಡು. ಮೆಡಿಕಲ್ ಶಾಪಿನಲ್ಲಿ ಆರು ಇಂಚಿನದು ಅಂದರೆ ಕೊಡುತ್ತಾರೆ. ಟೇಪು ಬಟ್ಟೆಯದೇ ಇರಲಿ, ಬೆರಳಿಗೆ ಅಂಟಿದರೆ ಕೀಳಲು ಕಷ್ಟವಾಗುವಂಥದ್ದು. ಅಂಗಡಿಯಲ್ಲೇ ಒಂದು ತುಂಡು ಕೈಗೆ ಅಂಟಿಸಿ, ನೀರು ತಾಗಿಸಿ ನೋಡಿಯೇ ತಗೊಂಡೆ.

ಗಾಯ ತೊಳೆಯೋದಕ್ಕೆ ಕಿಟ್ಟಿನಲ್ಲಿದ್ದಿದ್ದು ಆ ಸ್ಪಿರಿಟ್ ಕಾಗದ ಮಾತ್ರ. ಉರಿಯುತ್ತೆ, ಒಳಗಿನ ಮಣ್ಣು ಅಲ್ಲೇ ಉಳಿಯುತ್ತೆ. ಚೀಲದಲ್ಲಿ 20 ಎಂಎಲ್ ಸಿರಿಂಜ್ ಇದೆ, ಸೂಜಿ ಇಲ್ಲದ್ದು. ಕುಡಿಯುವ ನೀರು ತುಂಬಿ ಜೋರಾಗಿ ಚಿಮ್ಮಿಸಿದರೆ ಮಣ್ಣು ತಾನಾಗಿ ಹೊರಗೆ ಬರುತ್ತೆ.

ಕಿಟ್ಟಿನಲ್ಲಿ ಹಾವಿನ ವಿಷ ಹೀರುವ ಪಂಪು, ರಬ್ಬರ್ ಪಟ್ಟಿ ಎರಡೂ ಇದ್ದವು. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಪಂಪಿನಿಂದ ವಿಷ ಹೊರಗೆ ಬರೋದಿಲ್ಲ, ಬಿಗಿಯಾಗಿ ಕಟ್ಟಿದರೆ ಕಾಲೇ ಕೆಡಬಹುದು. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಆದಷ್ಟು ಬೇಗ ವಿಷನಿರೋಧಕ ಇರುವ ಆಸ್ಪತ್ರೆಗೆ ಸಾಗಿಸಬೇಕು. ನಮ್ಮಲ್ಲಿ ಸಿಗುವ ಆ ಮದ್ದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕೊಂಬೆ ಮೇಲೆ ಕೂರುವ ಘಟ್ಟದ ಮಲಬಾರ್ ಗುಳಿಮಂಡಲ ಹಾವು ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಮಳೆಗಾಲದಲ್ಲಿ ಕೊಂಬೆ ಹಿಡಿಯುವ ಮುಂಚೆ ಒಂದು ಸಲ ಕಣ್ಣು ಹಾಯಿಸಿ.

ಒಆರ್‌ಎಸ್ ಕಿಟ್ಟಿನಲ್ಲಿ ಇರಲೇ ಇಲ್ಲ. ಚೀಲದಲ್ಲಿ ಆರು ಪ್ಯಾಕೆಟ್, ಲೀಟರಿಗೆ ಒಂದರಂತೆ ಕಲಸುವಂಥದ್ದು. ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಬಟ್ಟೆಯಲ್ಲಿ ಕಟ್ಟಿದ ಉಪ್ಪು ಸಾಕು.

ಒಂದೇ ಒಂದು ದುಬಾರಿ ಸಾಮಾನು ಅಂದರೆ ಮುರಿದ ಕೈಕಾಲು ಅಲ್ಲಾಡದಂತೆ ಕಟ್ಟುವ, ಸುತ್ತಿಡಬಹುದಾದ ಸ್ಪ್ಲಿಂಟ್, ಅಲ್ಯೂಮಿನಿಯಂ ತಗಡಿನ ಎರಡೂ ಬದಿಗೆ ಫೋಮ್ ಇರುತ್ತೆ. ಚಪ್ಪಟೆಯಾಗಿದ್ದಾಗ ಬಳುಕುತ್ತೆ, ಅಡಿಕೆ ಹಾಳೆ ಥರ ಉದ್ದಕ್ಕೆ ದೋಣಿ ಮಾಡಿದರೆ ಗಟ್ಟಿ ನಿಲ್ಲುತ್ತೆ. ಅದಕ್ಕೆ 450 ಆಯ್ತು. ಮಿಕ್ಕಿದ್ದೆಲ್ಲ ಸೇರಿ 800 ಚಿಲ್ಲರೆ. ಅಂದರೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ದುಡ್ಡು.

ಚೀಲ ತುಂಬಿಸಿದ ಮೇಲೆ ಎರಡು ದಿನದ ಕಾಡಿನ ಪ್ರಥಮ ಚಿಕಿತ್ಸೆ ತರಬೇತಿಗೂ ಹೋದೆ. ಅದಕ್ಕೂ ಮುಂಚೆ ಊರಿನೊಳಗೆ ಒಂದು ದಿನದ ತರಗತಿ ಮಾಡಿದ್ದೆ. ಅಲ್ಲಿ ಹೃದಯ ನಿಂತಾಗ ಎದೆ ಒತ್ತೋದನ್ನು ಚೆನ್ನಾಗಿ ಕಲಿಸಿದರು, ಆದರೆ ಎಲ್ಲ ಪಾಠವೂ ‘108ಕ್ಕೆ ಫೋನ್ ಮಾಡಿ’ ಅನ್ನೋದರಲ್ಲಿ ಮುಗಿಯುತ್ತಿತ್ತು. ಕಾಡಿನ ತರಬೇತಿ ಶುರುವಾಗೋದೇ ಆ ಫೋನ್ ಹೋಗದ ಜಾಗದಿಂದ. ಕಾಲು ಉಳುಕಿದರೆ ಹರಡಿನ ಎರಡೂ ಗಂಟಿನ ಹಿಂಬದಿ ಎಲುಬನ್ನು ಒತ್ತಿ ನೋಡು, ನಾಲ್ಕು ಹೆಜ್ಜೆ ಇಡಿಸಿ ನೋಡು. ಅಲ್ಲಿ ಒತ್ತಿದಾಗ ನೋವಿದ್ದರೆ, ಅಥವಾ ಆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮುರಿದಿರಬಹುದು ಅಂತಲೇ ನಡೆದುಕೋ. ಇದು ಅವತ್ತು ಗೊತ್ತಿದ್ದಿದ್ದರೆ ಗೆಳೆಯನನ್ನು ಇಷ್ಟು ಹೆದರಿಕೆಯಲ್ಲಿ ಇಳಿಸುತ್ತಿರಲಿಲ್ಲ.

ಕಾರಿನ ಡಿಕ್ಕಿಯಲ್ಲಿಡೋಕೆ ರೆಡಿಮೇಡ್ ಡಬ್ಬಿ ಪರವಾಗಿಲ್ಲ, ನನ್ನದೂ ಈಗ ಅಲ್ಲೇ ಇದೆ, ಪಂಪು ಬಿಸಾಕಿದ್ದೇನೆ. ಆದರೆ ನಾನು ತಿಂಗಳಿಗೊಮ್ಮೆಯಾದರೂ ಘಟ್ಟ ಹತ್ತುವವನು, ಜೊತೆಗೆ ಮೂರು ನಾಲ್ಕು ಜನ ಇರುತ್ತಾರೆ. ನನಗೆ ಚೀಲವೇ ಬೇಕು. ಕತ್ತಲಲ್ಲಿ ಕೈ ಹಾಕಿದರೂ ಯಾವುದು ಎಲ್ಲಿದೆ ಅಂತ ಗೊತ್ತಾಗುತ್ತೆ, ಯಾಕಂದ್ರೆ ಒಂದೊಂದನ್ನೂ ಇಟ್ಟವನು ನಾನೇ.

ಮುಂದಿನ ವಾರ ಎತ್ತಿನಭುಜ ಬೆಟ್ಟಕ್ಕೆ ಹೊರಟಿದ್ದೇವೆ. ಆ ಗೆಳೆಯನೂ ಬರುತ್ತಿದ್ದಾನೆ. ಅವನ ಬ್ಯಾಗಿನಲ್ಲೂ ಆರು ಇಂಚಿನ ಕ್ರೇಪ್ ಒಂದು ಸೇರಿದೆ.