ಮುಧೋಳದ ಮರಿಗೆ ಮನೆಪಾಠ: ಹನ್ನೆರಡು ತರಗತಿಗಳ ವಿಮರ್ಶೆ

ಜಮಖಂಡಿಯಲ್ಲಿರುವ ನನ್ನ ಹೆಂಡತಿಯ ತವರಿನವರು ಮುಧೋಳದ ಹತ್ತಿರದ ಹಳ್ಳಿಯೊಂದರಿಂದ ತಂದುಕೊಟ್ಟ ಬೇಟೆನಾಯಿಯ ಮರಿ ಮೈಸೂರಿನ ನಮ್ಮ ಮನೆಗೆ ಬಂದಾಗ ಅದಕ್ಕೆ ಹತ್ತು ವಾರವಾಗಿತ್ತು. ಅದರ ಉದ್ದನೆಯ ಕಾಲುಗಳನ್ನು ನೋಡಿ ಚಿಗರಿ ಎಂದು ಹೆಸರಿಟ್ಟೆವು. ಮುಂದಿನ ಆರು ವಾರಗಳಲ್ಲಿ ಅದು ಎರಡು ಜೊತೆ ಚಪ್ಪಲಿಗಳನ್ನು ಅಗಿದು, ಪೂಜೆಗೆಂದು ತಂದಿಟ್ಟ ತೆಂಗಿನಕಾಯಿಯ ಜುಟ್ಟನ್ನು ಕಿತ್ತು, ಕರೆದರೆ ಮಾತ್ರ ತಿರುಗಿಯೂ ನೋಡದ ಸ್ಥಿತಿಗೆ ಬಂದಿತ್ತು. ಆಗ ಮನೆಗೇ ಬಂದು ತರಬೇತಿ ಕೊಡುವ ಸಂಸ್ಥೆಯೊಂದನ್ನು ಹುಡುಕಿಕೊಂಡೆವು. ವಾರಕ್ಕೆ ಎರಡರಂತೆ ಆರು ವಾರ, ಒಟ್ಟು ಹನ್ನೆರಡು ತರಗತಿ, ಪ್ರತಿ ತರಗತಿ 45 ನಿಮಿಷ, ಶುಲ್ಕ ₹12,000, ಅದೂ ಪೂರ್ತಿ ಮುಂಗಡ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆ ಈಗ ಅನೇಕ ಊರುಗಳಲ್ಲಿ ಸಿಗುವುದರಿಂದ, ಏನನ್ನು ಕೇಳಿ ಪಡೆಯಬೇಕು, ಯಾವುದಕ್ಕೆ ಒಪ್ಪಬಾರದು ಎಂಬುದನ್ನು ತಿಳಿಸಿದರೆ ಓದುವವರಿಗೆ ಹೆಚ್ಚು ಉಪಯೋಗವಾದೀತು ಎಂದುಕೊಂಡಿದ್ದೇನೆ.

ಮೊದಲು ಬಂದ ತರಬೇತುದಾರರು ಸುಮಾರು ಮೂವತ್ತು ವರ್ಷದ ಯುವಕ. ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟು, ಅಂಗಳದ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡ ಮೇಲೆಯೇ ಅವರು ಮರಿಯನ್ನು ಮುಟ್ಟಿದರು. ಇದನ್ನು ನಾನು ಸಂಪ್ರದಾಯವೆಂದು ಭಾವಿಸಿದ್ದೆ, ಆದರೆ ಕಾರಣ ಬೇರೆಯಿತ್ತು. ನಾಯಿಮರಿಗಳ ಜೀವ ತೆಗೆಯುವ ಪಾರ್ವೊ ವೈರಾಣು ಮನುಷ್ಯರ ಪಾದರಕ್ಷೆ, ಬಟ್ಟೆ ಮತ್ತು ಕೈಗಳ ಮೂಲಕವೂ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ ಮತ್ತು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ದಿನಕ್ಕೆ ನಾಲ್ಕಾರು ನಾಯಿಗಳ ಮನೆಗೆ ಹೋಗಿಬರುವ ವ್ಯಕ್ತಿಗೆ ಈ ಎಚ್ಚರ ಇರಲೇಬೇಕು. ಆದರೆ ಸಂಸ್ಥೆಯು ನೋಂದಣಿಯ ಸಮಯದಲ್ಲಿ ಲಸಿಕೆಯ ಕಾರ್ಡನ್ನು ಕೇಳಲೇ ಇಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಹದಿನಾರು ವಾರ ತುಂಬುವವರೆಗೆ ಮೂರು–ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಎಂಬ ಕ್ರಮವನ್ನು ನಮ್ಮ ಪಶುವೈದ್ಯರು ಮೊದಲೇ ಬರೆದುಕೊಟ್ಟಿದ್ದರಿಂದ ನಮಗೆ ತೊಂದರೆಯಾಗಲಿಲ್ಲ.

ಮೊದಲ ತರಗತಿಯಲ್ಲಿ ಚಿಗರಿಗೆ ಏನನ್ನೂ ಕಲಿಸಲಿಲ್ಲ, ಪಾಠ ನಡೆದದ್ದು ನಮಗೆ. ಅವರು ನಡುಮನೆಯಲ್ಲಿ ಕುಳಿತು, ನಾವೆಲ್ಲರೂ ಮರಿಯನ್ನು ಒಬ್ಬೊಬ್ಬರಾಗಿ ಕೂರಿಸಬೇಕೆಂದು ಹೇಳಿದರು. ನನ್ನ ತಾಯಿ 'ಕೂತ್ಕೋ' ಎಂದರು, ಹೆಂಡತಿ 'ಕುಂಡ್ರು' ಎಂದಳು, ನಾನು 'ಕೂರು' ಎಂದೆ, ಎಂಟನೆಯ ತರಗತಿಯ ಮಗ 'ಸಿಟ್' ಎಂದ. ಚಿಗರಿ ನಾಲ್ವರನ್ನೂ ನೋಡಿ ಬಾಲ ಅಲ್ಲಾಡಿಸಿತೇ ವಿನಾ ಕೂರಲಿಲ್ಲ. ತರಬೇತುದಾರರು ನಕ್ಕು, ನಾಯಿಗೆ ಭಾಷೆ ಯಾವುದಾದರೂ ಅಡ್ಡಿಯಿಲ್ಲ, ಒಂದು ಕೆಲಸಕ್ಕೆ ಒಂದೇ ಸದ್ದು ಇರಬೇಕು ಎಂದು ವಿವರಿಸಿದರು. 'ಕೂರು', 'ಬಾ', 'ಇರು', 'ಬಿಡು' ಎಂಬ ನಾಲ್ಕು ಮಾತುಗಳನ್ನು ಕಾಗದದ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. 'ಬೇಡ' ಎಂಬುದನ್ನೂ ಸೇರಿಸೋಣವೆಂದು ನಾನು ಹೇಳಿದಾಗ, ಅದು 'ಬಿಡು' ಎಂಬುದಕ್ಕೆ ಹತ್ತಿರದ ಸದ್ದಾದ್ದರಿಂದ ಮರಿಗೆ ಗೊಂದಲವಾಗುತ್ತದೆಯೆಂದು ಅವರು ತಡೆದರು. ಕುಂಡ್ರು ಎಂಬ ಮಾತು ಪಟ್ಟಿಯಿಂದ ಹೊರಗುಳಿದದ್ದಕ್ಕೆ ಮನೆಯಲ್ಲಿ ಎರಡು ದಿನ ಉತ್ತರ ಕರ್ನಾಟಕದ ಪರವಾಗಿ ವಾದ ನಡೆಯಿತು.

ಮಲಮೂತ್ರದ ಅಭ್ಯಾಸದ ಬಗ್ಗೆ ಅವರ ಸಲಹೆ ಸರಳವಾಗಿತ್ತು: ನಿದ್ದೆಯಿಂದ ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಡಿ ನಿಂತ ಮೇಲೆ ಮರಿಯನ್ನು ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಕೆಲಸ ಮುಗಿದ ಎರಡು ಸೆಕೆಂಡಿನೊಳಗೆ, ಅದೇ ಜಾಗದಲ್ಲಿ, ಮೆಚ್ಚುಗೆಯ ತುಣುಕು ಸಿಗಬೇಕು. ಮನೆಯೊಳಗೆ ತಪ್ಪಾದರೆ ಬಯ್ಯಬಾರದು. ಬಯ್ದರೆ ಅದು ಕಲಿಯುವುದು ನಮ್ಮ ಕಣ್ಣಿಗೆ ಬೀಳದಂತೆ ಮಂಚದ ಹಿಂದೆ ಹೋಗುವುದನ್ನು ಮಾತ್ರ. ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ಹೋಗುವುದು ನಮ್ಮ ಮೂಗಿಗಷ್ಟೇ, ನಾಯಿಯ ಮೂಗಿಗಲ್ಲ. ಅದಕ್ಕೆಂದೇ ಸಿಗುವ ಕಿಣ್ವಯುಕ್ತ ದ್ರಾವಣದಿಂದ ಒರೆಸಲು ಆರಂಭಿಸಿದ ಮೇಲೆ ಪದೇ ಪದೇ ಒಂದೇ ಮೂಲೆಗೆ ಹೋಗುವುದು ನಿಂತಿತು.

ಈ ಸೇವೆಯಲ್ಲಿ ನಾನು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುವುದು 'ಕೂರು', 'ಇರು'ಗಳನ್ನಲ್ಲ, ಮುಟ್ಟಿಸಿಕೊಳ್ಳುವ ಅಭ್ಯಾಸವನ್ನು. ಮೂರನೆಯ ತರಗತಿಯಿಂದ ಪ್ರತಿದಿನ ಐದು ನಿಮಿಷ, ಒಬ್ಬರು ಮರಿಯ ಮುಂಗಾಲನ್ನು ಮೆಲ್ಲಗೆ ಹಿಡಿಯಬೇಕು, ಹಿಡಿದ ಕ್ಷಣವೇ ಇನ್ನೊಬ್ಬರು ಕಡಲೆಕಾಳಿನಷ್ಟು ಬೇಯಿಸಿದ ಕೋಳಿಮಾಂಸ ಕೊಡಬೇಕು. ಮರಿ ಕಾಲನ್ನು ಎಳೆದುಕೊಂಡರೆ ಬಿಟ್ಟುಬಿಡಬೇಕು, ಬಲವಂತ ಸಲ್ಲದು. ಆಮೇಲೆ ಬೆರಳುಗಳ ಸಂದು, ಕಿವಿಯ ಒಳಮಡಿಕೆ, ತುಟಿ, ಬಾಲದ ಬುಡ. ಮೊದಲ ವಾರ ಇದು ವ್ಯರ್ಥ ಕಾಲಕ್ಷೇಪವೆಂದು ತೋರಿತು. ಐದನೆಯ ವಾರದಲ್ಲಿ ಒಂದು ಸಂಜೆ ಬಲಗಾಲಿನ ಬೆರಳುಗಳ ನಡುವೆ ಹೆಸರುಕಾಳಿನ ಗಾತ್ರದ, ರಕ್ತ ಹೀರುವ ಉಣ್ಣೆಹುಳ ಸಿಕ್ಕಿತು. ಚಿಗರಿ ನನ್ನ ತೊಡೆಯ ಮೇಲೆ ಕಾಲಿಟ್ಟು, ತುಣುಕಿಗಾಗಿ ಹೆಂಡತಿಯ ಕೈಯನ್ನೇ ನೋಡುತ್ತಾ ಕುಳಿತಿತ್ತು. ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ ಎಳೆದಾಗ ಉಣ್ಣೆ ಇಡಿಯಾಗಿ ಬಂತು. ಸೀಮೆಎಣ್ಣೆ ಸವರುವುದು, ಊದುಬತ್ತಿಯಿಂದ ಸುಡುವುದು ನಮ್ಮ ಕಡೆ ಈಗಲೂ ನಡೆದೇ ಇದೆ. ಇವೆರಡೂ ನಾಯಿಯ ಚರ್ಮಕ್ಕೆ ಹಾನಿ, ಜೊತೆಗೆ ಉಣ್ಣೆಯ ಜೊಲ್ಲು ಗಾಯಕ್ಕೆ ಸೇರುವ ಅಪಾಯವೂ ಉಂಟು. ಉಣ್ಣೆಯಿಂದ ಹರಡುವ ಎರ್ಲಿಕಿಯೋಸಿಸ್ ಮತ್ತು ಬೇಬಿಸಿಯೋಸಿಸ್ ಎಂಬ ರಕ್ತದ ಸೋಂಕುಗಳು ನಮ್ಮ ಊರುಗಳಲ್ಲಿ ಸಾಮಾನ್ಯ. ನಾಯಿ ಊಟ ಬಿಟ್ಟು ಮಂಕಾಗಿ, ಜ್ವರ ಬಂದು, ವಸಡು ಬಿಳಿಚಿಕೊಂಡರೆ ಅಥವಾ ಮೂಗಿನಿಂದ ರಕ್ತ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಊಟದ ವಿಷಯದಲ್ಲಿ ಸಂಸ್ಥೆಯ ಮಾರ್ಗದರ್ಶನ ತೀರ ತೆಳುವಾಗಿತ್ತು. ಅವರು ಕೊಟ್ಟ ಮುದ್ರಿತ ಪುಟದಲ್ಲಿ ಚಾಕೊಲೇಟ್ ಕೊಡಬಾರದೆಂದು ಮಾತ್ರ ಇತ್ತು. ನಮ್ಮ ಮನೆಗಳಲ್ಲಿ ನಾಯಿಗೆ ಚಾಕೊಲೇಟಿಗಿಂತ ಹೆಚ್ಚಾಗಿ ಬೀಳುವುದು ಸಾರಿನ ಅನ್ನ. ಆ ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ಬೇಯಿಸಿದರೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಹುದು. ಕನ್ನಡ ಮನೆಗೆ ಕೊಡುವ ಪುಟದಲ್ಲಿ ಇವೆರಡು ಮೊದಲ ಸಾಲಿನಲ್ಲಿರಬೇಕಿತ್ತು.

ತಳಿಯ ಬಗ್ಗೆ ಅವರಿಗಿದ್ದ ತಿಳಿವಳಿಕೆಯೂ ಆರಂಭದಲ್ಲಿ ಸಾಲದಾಗಿತ್ತು. ಪಾಠಕ್ರಮವೆಲ್ಲ ಲ್ಯಾಬ್ರಡಾರ್ ನಾಯಿಯನ್ನು ಎದುರಿಗಿಟ್ಟುಕೊಂಡು ಬರೆದಂತಿತ್ತು. ಲ್ಯಾಬ್ರಡಾರ್ ಬಿಸ್ಕತ್ತಿನ ಚೂರಿಗಾಗಿ ಹತ್ತು ಬಾರಿ ಕೂರುತ್ತದೆ, ಮುಧೋಳದ ನಾಯಿ ಎರಡನೆಯ ಬಾರಿಗೇ ಮುಖ ತಿರುಗಿಸುತ್ತದೆ. ಇದು ಮೂಗಿಗಿಂತ ಕಣ್ಣನ್ನು ನಂಬಿ, ಓಡುವುದನ್ನು ಕಂಡರೆ ಅಟ್ಟಿ ಹಿಡಿಯುವ ಬೇಟೆನಾಯಿ. ಇದನ್ನು ಎರಡು ತರಗತಿ ಗಮನಿಸಿದ ತರಬೇತುದಾರರು ತಮ್ಮ ಕ್ರಮವನ್ನೇ ಬದಲಿಸಿದರು. ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಹಳೆಯ ಟವೆಲಿನ ತುಂಡು ಕಟ್ಟಿ ನೆಲದ ಮೇಲೆ ಎಳೆಯತೊಡಗಿದರು. 'ಇರು' ಎಂದಾಗ ನಿಂತರೆ ಬಹುಮಾನವಾಗಿ ಆ ಟವೆಲನ್ನು ಅಟ್ಟಲು ಬಿಡುವುದು, ಹಿಡಿದ ಮೇಲೆ 'ಬಿಡು' ಎಂದಾಗ ಬಿಟ್ಟರೆ ಮತ್ತೆ ಅಟ್ಟಲು ಬಿಡುವುದು. ನಾಲ್ಕು ದಿನದಲ್ಲಿ ಚಿಗರಿ ಎರಡೂ ಮಾತುಗಳನ್ನು ಕಲಿತಿತು.

ಕೊರಳಪಟ್ಟಿಯ ವಿಷಯದಲ್ಲಿ ತಪ್ಪು ನಮ್ಮದೇ. ಮುಧೋಳ ನಾಯಿಯ ತಲೆ ಕಿರಿದು, ಕತ್ತಿಗಿಂತ ತಲೆ ಹೆಚ್ಚು ದಪ್ಪವಿರುವುದಿಲ್ಲ. ಅಂಗಡಿಯವರು ಕೊಟ್ಟ ಸಾಮಾನ್ಯ ಬಕಲಿನ ಪಟ್ಟಿಯಿಂದ ಅದು ಅಳಿಲನ್ನು ಕಂಡ ಕ್ಷಣ ಹಿಂದಕ್ಕೆ ಜಗ್ಗಿ ತಲೆಯನ್ನು ಬಿಡಿಸಿಕೊಂಡು, ಬಡಾವಣೆಯ ಮೂರು ರಸ್ತೆ ದಾಟಿ ಓಡಿತ್ತು. ಎಳೆದಾಗ ಸ್ವಲ್ಪ ಬಿಗಿಯಾಗಿ, ಆದರೆ ಉಸಿರು ಕಟ್ಟಿಸದೆ ನಿಲ್ಲುವ ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನು ತರಿಸಲು ಹೇಳಿದವರು ಇದೇ ತರಬೇತುದಾರರು. ಇಂಥ ತಳಿ ಸಾಕಿದವರೆಲ್ಲರೂ ಇದನ್ನು ಮೊದಲ ದಿನವೇ ಕೊಳ್ಳುವುದು ಒಳ್ಳೆಯದು.

ಎಂಟನೆಯ ತರಗತಿಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಬೇರೊಬ್ಬರು ಬಂದರು. ಸಮಯ ಬೆಳಗಿನ ಆರೂವರೆಯಿಂದ ಹನ್ನೊಂದಕ್ಕೆ ಬದಲಾಯಿತು. ಮಾರ್ಚ್ ತಿಂಗಳಿನ ಹನ್ನೊಂದು ಗಂಟೆಯ ಡಾಂಬರು ರಸ್ತೆಯ ಮೇಲೆ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೂ ಸುಡುತ್ತದೆ. ಇದನ್ನು ನಾನೇ ಅವರಿಗೆ ಹೇಳಬೇಕಾಯಿತು. ಕೈ ತೊಳೆಯಲಿಲ್ಲ. ಚೀಲದಿಂದ ಉಸಿರು ಬಿಗಿಯುವ ಕಬ್ಬಿಣದ ಸರಪಣಿ ಹೊರತೆಗೆದು, ಇದು ಸೈನ್ಯಕ್ಕೆ ಹೋದ ತಳಿ, ಇದಕ್ಕೆ ಶಿಸ್ತು ಬೇಕು ಎಂದರು. 2016ರಲ್ಲಿ ಮುಧೋಳದ ಮರಿಗಳು ತರಬೇತಿಗಾಗಿ ಮೀರತ್‌ನಲ್ಲಿರುವ ಸೇನೆಯ ಪಶುವೈದ್ಯಕೀಯ ಕೇಂದ್ರಕ್ಕೆ ಹೋದದ್ದು ನಿಜ. ಅದರಿಂದ ನಮ್ಮ ಮನೆಯ ಐದು ತಿಂಗಳ ಮರಿಯ ಕೊರಳಿಗೆ ಸರಪಣಿ ಬಿಗಿಯಬೇಕೆಂದು ಹೇಗೆ ಸಿದ್ಧವಾಗುತ್ತದೆಯೋ ನನಗೆ ತಿಳಿಯಲಿಲ್ಲ. ಉದ್ದನೆಯ, ತೆಳುಗೂದಲಿನ ಕತ್ತಿನ ನಾಯಿಯ ಶ್ವಾಸನಾಳಕ್ಕೆ ಅಂಥ ಜಗ್ಗುವಿಕೆ ಗಾಯ ಮಾಡಬಲ್ಲದು. ಅವರು ಎರಡು ಬಾರಿ ಜಗ್ಗಿದರು, ಚಿಗರಿ ಕೂಗಿತು, ನಾನು ತರಗತಿಯನ್ನು ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಒಂದು ವಾರ ಯಾರು ಹಗ್ಗ ಕೈಗೆತ್ತಿಕೊಂಡರೂ ಅದು ಮಂಚದ ಕೆಳಗೆ ಸೇರುತ್ತಿತ್ತು. ಹಗ್ಗವನ್ನು ತೋರಿಸಿ ತುಣುಕು ಕೊಟ್ಟು, ಕಟ್ಟದೆಯೇ ಪಕ್ಕಕ್ಕಿಟ್ಟು, ಹೀಗೆ ದಿನಕ್ಕೆ ಏಳೆಂಟು ಸಲ ಮಾಡಿ ಆ ಭಯವನ್ನು ಬಿಡಿಸಿದ್ದು ನನ್ನ ಹೆಂಡತಿ.

ಸಂಸ್ಥೆಗೆ ದೂರು ಕೊಟ್ಟಾಗ ಮೂರು ದಿನಗಳ ಮೇಲೆ ಉತ್ತರ ಬಂತು. ಹಣ ಮರಳಿಸಲು ಒಪ್ಪಲಿಲ್ಲ. ಆ ತರಗತಿಯನ್ನು ಲೆಕ್ಕದಿಂದ ಬಿಟ್ಟು, ಉಳಿದ ಐದಕ್ಕೆ ಮೊದಲಿನ ತರಬೇತುದಾರರನ್ನೇ ಕಳುಹಿಸಿದರು. ಸೇರುವ ಮುನ್ನ ಹೊಡೆತ, ಸರಪಣಿ ಇಲ್ಲವೆಂದು ಅವರು ಬಾಯಿಮಾತಿನಲ್ಲಿ ಹೇಳಿದ್ದರು. ಅದನ್ನೂ, ಯಾರು ಬರುತ್ತಾರೆಂಬುದನ್ನೂ ನಾನು ಬರಹದಲ್ಲಿ ಪಡೆಯಬೇಕಿತ್ತು. ಪೂರ್ತಿ ಹಣವನ್ನು ಮುಂಗಡವಾಗಿ ಕೊಟ್ಟದ್ದರಿಂದಲೇ ನಮ್ಮ ಮಾತಿಗೆ ತೂಕ ಕಡಿಮೆಯಾಯಿತು. ನಾಲ್ಕು ತರಗತಿಗೊಮ್ಮೆ ಕಂತಿನಲ್ಲಿ ಕೊಡಲು ಒಪ್ಪದ ಸೇವೆಗೆ ಮತ್ತೆ ಸೇರಲಾರೆ.

ಉಳಿದ ಐದೂ ತರಗತಿಗಳು 'ಬಾ' ಎಂಬ ಒಂದೇ ಮಾತಿಗೆ ಹೋದವು. ಹತ್ತು ಮೀಟರಿನ ಹಗುರ ಹಗ್ಗ ಕಟ್ಟಿ ಖಾಲಿ ನಿವೇಶನದಲ್ಲಿ ಕರೆಯುವುದು, ಬಂದರೆ ಪ್ರತಿ ಸಲವೂ ಒಳ್ಳೆಯದೇ ಸಿಗುವುದು. ಸ್ನಾನಕ್ಕೆ, ಉಗುರು ಕತ್ತರಿಸಲು, ಬಯ್ಯಲು ಎಂದೂ 'ಬಾ' ಎಂದು ಕರೆಯಬಾರದು, ಅದಕ್ಕೆ ನಾವೇ ಎದ್ದುಹೋಗಬೇಕು. ಮನೆಯ ಅಂಗಳದಲ್ಲಿ ಈಗ ಹತ್ತಕ್ಕೆ ಒಂಬತ್ತು ಸಲ ಬರುತ್ತದೆ. ಅಳಿಲು ಕಂಡಾಗ ಬರುವುದಿಲ್ಲ. ಆದ್ದರಿಂದ ಬಯಲಿನಲ್ಲಿ ಹಗ್ಗ ಬಿಚ್ಚಿ ಬಿಡಬಾರದೆಂದು ತರಬೇತುದಾರರು ಕೊನೆಯ ದಿನ ಸ್ಪಷ್ಟವಾಗಿ ಹೇಳಿದರು. ನಾಯಿ ಪೂರ್ತಿ ಪಳಗಿದೆಯೆಂದು ಹೇಳಿ ಮುಂದಿನ ಹಂತದ ₹15,000 ಪಾಠವನ್ನು ಮಾರಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ತರಬೇತುದಾರರಿಗೆ ಐದಕ್ಕೆ ನಾಲ್ಕೂವರೆ, ಅವರನ್ನು ಕಳುಹಿಸುವ ಸಂಸ್ಥೆಗೆ ಎರಡು ಅಂಕ ಕೊಡುತ್ತೇನೆ.