ಅಳತೆ ತೆಗೆಯದೆ ಕೊಡುವ ವೇರಿಕೋಸ್ ಸಾಕ್ಸ್ ತಗೊಬೇಡಿ, ಶುಗರ್ ಇರುವವರಿಗಂತೂ ಬೇಡವೇ ಬೇಡ

ಹತ್ತು ದಿನದಿಂದ ಬರೆಯಬೇಕು ಅಂತಲೇ ಇದ್ದೆ. ನಾಚಿಕೆಗೆ ಬರೆದಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಅಪಧಮನಿಗೆ ಕೆಂಪು ಚಾಕ್‌ಪೀಸು, ಅಭಿಧಮನಿಗೆ ನೀಲಿ ಚಾಕ್‌ಪೀಸು ಅಂತ ಪ್ರತಿ ವರ್ಷ ಬೋರ್ಡ್ ತುಂಬ ಬರೆಯುತ್ತೇನೆ. ಆದರೂ ಬೇಸ್ತು ಬಿದ್ದೆ. 1,850 ರೂಪಾಯಿ. ದುಡ್ಡು ಹಾಳಾಗಲಿ, ಅಪ್ಪನ ಕಾಲಿಗೇ ಕುತ್ತು ಬರುವುದರಲ್ಲಿತ್ತು.

ಅಪ್ಪನಿಗೆ 71. ಸಾಗರದ ಅಡಿಕೆ ಮಂಡಿಯಲ್ಲಿ ರೈಟರ್ ಆಗಿದ್ದವರು. ಶುಗರ್ ಬಂದು ಹದಿನೆಂಟು ವರ್ಷ, ಬಿ.ಪಿ.ಗೂ ಮಾತ್ರೆ ಇದೆ. ಈ ಮಳೆಗಾಲದಿಂದ ಎರಡೂ ಪಾದ ಊದಿಕೊಳ್ಳಲು ಶುರುವಾಯಿತು. ಸಂಜೆ ಹೊತ್ತಿಗೆ ಹವಾಯಿ ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚು ಒತ್ತಿದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯವರು, 'ನಮ್ಮಕ್ಕ ವೇರಿಕೋಸ್ ಸಾಕ್ಸ್ ಹಾಕ್ಕೊಂಡು ಆರಾಮಾಗಿದಾರೆ, ನೀವೂ ತಂದುಕೊಡಿ' ಅಂದರು. ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉದ್ದನೆ ಸಾಕ್ಸ್ ಅದು. ಬೇರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದವಳು ಒಂದು ಸರ್ಜಿಕಲ್ ಅಂಗಡಿ ಹೊಕ್ಕೆ. ಅಪ್ಪ ಜೊತೆಗೆ ಬಂದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಅಪ್ಪ ಅಲ್ಲಿ ಇರಲೇ ಇಲ್ಲ.

ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ. 'ದಪ್ಪಾನಾ ಸಣ್ಣಾನಾ ಮೇಡಂ?'

'ಸಾಧಾರಣ ಮೈಕಟ್ಟು' ಅಂದೆ.

'ಹಂಗಾದ್ರೆ ಎಮ್ ಸಾಕು. ಕ್ಲಾಸ್ ಟೂ ಕೊಡ್ತೀನಿ, ಎಲ್ಲರೂ ಅದನ್ನೇ ತಗೊಂಡು ಹೋಗೋದು.'

ಅಷ್ಟೇ. ಶುಗರ್ ಇದೆಯಾ ಅಂತ ಕೇಳಲಿಲ್ಲ. ಡಾಕ್ಟರ್ ಚೀಟಿ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. ನಾನು ಮಾಡಿದ ದೊಡ್ಡ ಸಾಹಸ ಅಂದರೆ ಚೌಕಾಸಿ. 2,100 ಇದ್ದದ್ದನ್ನು 1,850ಕ್ಕೆ ಇಳಿಸಿ ಬೀಗುತ್ತಾ ಬಸ್ಸು ಹತ್ತಿದೆ.

ಮನೆಯಲ್ಲಿ ಅದನ್ನು ಹಾಕಿಸುವಷ್ಟರಲ್ಲಿ ಇಬ್ಬರಿಗೂ ಬೆವರು. ಸಂಜೆ ಐದು ಗಂಟೆ, ಕಾಲು ಪೂರ್ತಿ ಊದಿರುವ ಹೊತ್ತು. ಅದು ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕುವಂಥದ್ದು ಅಂತ ನನಗೆ ಗೊತ್ತಿರಲಿಲ್ಲ. ಉದ್ದ ಜಾಸ್ತಿ ಆಯಿತು. ಮಂಡಿ ಕೆಳಗೆ ಉಳಿದಿದ್ದನ್ನು ಎರಡು ಸುತ್ತು ಮಡಚಿದೆ, ಸ್ಕೂಲ್ ಮಕ್ಕಳ ಸಾಕ್ಸ್ ಮಡಚುವ ಹಾಗೆ. ಅಂಗಡಿಗೆ ಫೋನ್ ಮಾಡಿ ಕೇಳಿಯೇ ಮಡಚಿದ್ದು. 'ಮಡಚಿ ಮೇಡಂ, ಏನೂ ಆಗಲ್ಲ' ಅಂದ.

ಎರಡನೇ ದಿನ ಮತ್ತೆ ಫೋನ್ ಮಾಡಿದೆ. ಬಹಳ ಬಿಗಿ ಇದೆಯಲ್ಲಾ ಅಂದೆ. 'ಟೈಟ್ ಇದ್ರೇನೇ ಮೇಡಂ ಅದು ಕೆಲಸ ಮಾಡೋದು. ರಾತ್ರಿನೂ ಬಿಚ್ಚಬೇಡಿ, ಬೇಗ ಊತ ಇಳಿಯುತ್ತೆ.' ಅಪ್ಪನನ್ನು ಕೇಳಿದರೆ, 'ನೋವೇನಿಲ್ಲ ಮಗಾ, ಆರಾಮಾಗಿದೆ' ಅಂದರು. ನೋವಿಲ್ಲ! ಹದಿನೆಂಟು ವರ್ಷದ ಶುಗರ್‌ಗೆ ಪಾದದ ಸ್ಪರ್ಶವೇ ಸತ್ತಿದೆ, ನೋವು ಎಲ್ಲಿಂದ ಬರಬೇಕು? ಅದು ನನಗೆ ಹೊಳೆಯಲಿಲ್ಲ. ಹೊಳೆಯಲೇ ಇಲ್ಲ.

ಮೂರನೇ ದಿನ ಬೆಳಿಗ್ಗೆ ಬಿಚ್ಚಿದೆ. ಮಂಡಿ ಕೆಳಗೆ, ಮಡಚಿದ್ದ ಜಾಗದಲ್ಲಿ, ಹಗ್ಗ ಕಟ್ಟಿದ ಹಾಗೆ ಕೆಂಪು ಕಂದು ಬಣ್ಣದ ಗೆರೆ. ಬೆರಳಿಟ್ಟರೆ ಗುಂಡಿ ಬೀಳುತ್ತಿತ್ತು. ಹಿಮ್ಮಡಿ ಹತ್ತಿರ ಬಟ್ಟೆ ಸುಕ್ಕಾಗಿದ್ದ ಕಡೆ ಐದು ರೂಪಾಯಿ ನಾಣ್ಯದಷ್ಟು ಗುಳ್ಳೆ, ಒಡೆದು ನೀರು ಬರುತ್ತಿತ್ತು. ಕಿರುಬೆರಳು ನೀಲಿಗಟ್ಟಿ ತಣ್ಣಗಿತ್ತು. ಅಪ್ಪ ಬಗ್ಗಿ ನೋಡಿ, 'ಇದು ಯಾವಾಗ ಆಯ್ತು?' ಅಂತ ನನ್ನನ್ನೇ ಕೇಳಿದರು.

ಅದೇ ದಿನ ರಕ್ತನಾಳದ ಡಾಕ್ಟರ್ ಹತ್ತಿರ ಓಡಿದೆವು. ಅವರು ತೋಳಿನ ಬಿ.ಪಿ. ನೋಡಿದರು, ಆಮೇಲೆ ಪಾದದ ಗಂಟಿನ ಹತ್ತಿರ ಪಟ್ಟಿ ಕಟ್ಟಿ ಅಲ್ಲಿಯದೂ ನೋಡಿದರು. ಕಾಲಿನದನ್ನು ತೋಳಿನದರಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆ ಅಂತ ಲೆಕ್ಕ. ಅಪ್ಪನದು 0.6. ಶುಗರ್ ಇರುವವರಲ್ಲಿ ನಾಳ ಗಟ್ಟಿಯಾಗಿ ಈ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟಂತೆ. ಈ ಸಾಕ್ಸ್ ಇರುವುದು ಕಾಲಲ್ಲಿ ನಿಂತ ರಕ್ತವನ್ನು ಮೇಲಕ್ಕೆ ತಳ್ಳುವುದಕ್ಕೆ, ಅಂದರೆ ನೀಲಿ ಚಾಕ್‌ಪೀಸಿನ ತೊಂದರೆಗೆ. ಅಪ್ಪನಿಗೆ ಇದ್ದದ್ದು ಕೆಂಪಿನ ತೊಂದರೆ. ಕೆಳಗೆ ರಕ್ತ ಇಳಿಯುವುದೇ ಕಷ್ಟ ಅನ್ನುವ ಕಾಲಿಗೆ ನಾನು ಕ್ಲಾಸ್ ಟೂ, ಅಂದರೆ 23ರಿಂದ 32 ಮಿ.ಮೀ. ಪಾದರಸದ ಒತ್ತಡ ಸುತ್ತಿದ್ದೆ, ಹಗಲು ರಾತ್ರಿ.

ಡಾಕ್ಟರ್ ಡಬ್ಬಿ ತಿರುಗಿಸಿ ನನ್ನ ಮುಂದೆ ಹಿಡಿದರು. ಹಿಂದುಗಡೆ ಅಳತೆಯ ಪಟ್ಟಿ ಇತ್ತು. ಪಾದದ ಗಂಟಿನ ಮೇಲೆ ಕಾಲು ಅತಿ ಸಣ್ಣ ಇರುವ ಕಡೆ ಎಷ್ಟು ಸೆಂಟಿಮೀಟರ್, ಮೀನಖಂಡ ದಪ್ಪ ಇರುವ ಕಡೆ ಎಷ್ಟು, ನೆಲದಿಂದ ಮಂಡಿವರೆಗೆ ಎಷ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ, ಕಾಲಿನ ರಕ್ತನಾಳ ಕಿರಿದಾದವರು ಹಾಕಬಾರದು ಅಂತಲೂ ಇತ್ತು.

'ಅಳತೆ ಯಾರು ತೆಗೆದಿದ್ದು?'

'ಯಾರೂ ಇಲ್ಲ ಡಾಕ್ಟ್ರೇ.'

'ನೀವೇನು ಕೆಲಸ ಮಾಡ್ತೀರಿ?'

'ಟೀಚರ್' ಅಂದೆ. ಯಾವ ವಿಷಯ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಇನ್ನೂ ಕೇಳಿ. ಊತಕ್ಕೆ ಮುಖ್ಯ ಕಾರಣ ಬಿ.ಪಿ. ಮಾತ್ರೆಯೇ ಇರಬಹುದು ಅಂದರು. ಆಮ್ಲೋಡಿಪಿನ್. ಏಪ್ರಿಲ್‌ನಲ್ಲಿ 5ರಿಂದ 10 ಮಿಲಿಗ್ರಾಂಗೆ ಏರಿಸಿದ್ದರು. ಅದನ್ನು ಕೊಟ್ಟ ಡಾಕ್ಟರನ್ನೇ ಕೇಳಿ ಮಾತ್ರೆ ಬದಲಾಯಿಸಿದ ಮೇಲೆ ಎರಡು ವಾರದಲ್ಲಿ ಊತ ಇಳಿಯಿತು. ಸಾಕ್ಸ್ ಬೇಕಾಗಿಯೇ ಇರಲಿಲ್ಲ! (ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ ಮತ್ತೆ, ಅದು ಇನ್ನೊಂದು ಅವಾಂತರ.) ಹಿಮ್ಮಡಿಯ ಗಾಯ ಮಾತ್ರ ಇನ್ನೂ ಮಾಯುತ್ತಾ ಇದೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್.

ಅಂಗಡಿಗೆ ಹೋದೆ, ಜಗಳಕ್ಕೆ ಅಂತಲೇ. ಅವನು ಮೊದಲು 'ಒಳಬಟ್ಟೆ ಇದ್ದಂಗೆ ಮೇಡಂ, ವಾಪಸ್ ಇಲ್ಲ' ಅಂದ. ವಾಪಸ್ ಬೇಡ ಮಾರಾಯ, ಅಳತೆ ಯಾಕೆ ತೆಗೆಯಲಿಲ್ಲ ಹೇಳು ಅಂದೆ. 'ಕಾಲು ನೀವು ತಂದಿರಲಿಲ್ಲವಲ್ಲ.' ಹೀಗಂದ! ನಗುತ್ತಲೇ ಅಂದ. ರಾತ್ರಿಯೂ ಹಾಕಲು ಹೇಳಿದ್ದು ಯಾಕೆ ಅಂದರೆ, 'ನಾನು ಹೇಳಿಲ್ಲ, ಹುಡುಗ ಹೇಳಿರ್ಬೇಕು.' ಆ ಹುಡುಗ ಪಕ್ಕದಲ್ಲೇ ನಿಂತು ಬೇರೆಯವರಿಗೆ ಸೊಂಟದ ಬೆಲ್ಟ್ ತೋರಿಸುತ್ತಿದ್ದ. ಕೊನೆಗೆ, 'ಡಾಕ್ಟರ್ ಚೀಟಿ ಇಲ್ಲದೆ ತಗೊಂಡಿದ್ದು ನೀವು.' ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅದೇ ಹೊಟ್ಟೆ ಉರಿಯೋದು.

ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳೋಣ ಅಂತ ಬಿಲ್ ತೆಗೆದೆ. ಬಿಳಿ ಚೀಟಿ. 'ಸಾಕ್ಸ್ 1' ಅಂತ ಪೆನ್ನಿನಲ್ಲಿ ಗೀಚಿದ್ದು. ಸೈಜ್ ಇಲ್ಲ, ಕ್ಲಾಸ್ ಇಲ್ಲ, ಜಿ.ಎಸ್.ಟಿ. ನಂಬರೂ ಇಲ್ಲ.

ನೀವು ತಗೊಳ್ಳೋದಾದರೆ ಕಾಲನ್ನು ಜೊತೆಗೆ ಕರೆದುಕೊಂಡು ಹೋಗಿ, ಅದೂ ಊತ ಕಡಿಮೆ ಇರುವ ಬೆಳಗಿನ ಹೊತ್ತು. ಟೇಪ್ ಹಿಡಿಯದ ಅಂಗಡಿಯಿಂದ ಎದ್ದು ಬನ್ನಿ. ಶುಗರ್, ಹೃದಯದ ತೊಂದರೆ, ಬೀಡಿ ಸಿಗರೇಟು, ನಡೆದರೆ ಮೀನಖಂಡ ಹಿಡಿದುಕೊಳ್ಳುವುದು ಇದ್ದರೆ ಮೊದಲು ಕಾಲಿನ ಬಿ.ಪಿ. ನೋಡಿಸಿ. ಮಡಚಬೇಡಿ, ಮಡಚಬೇಡಿ, ಮಡಚಬೇಡಿ. ಡಾಕ್ಟರೇ ಹೇಳದ ಹೊರತು ರಾತ್ರಿ ಬಿಚ್ಚಿಡಿ, ಬಿಚ್ಚಿದಾಗ ಪಾದ, ಬೆರಳ ಸಂದು ಎಲ್ಲ ಕಣ್ಣಾರೆ ನೋಡಿ. 'ನೋವಿಲ್ಲ' ಅನ್ನುವ ಮಾತು ನಂಬಬೇಡಿ.

ಅಪ್ಪ ಮೊನ್ನೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾ, 'ಅದಕ್ಕೆ ಎಷ್ಟು ಕೊಟ್ಟೆ ಮಗಾ?' ಅಂತ ಕೇಳಿದರು. ಮೂವತ್ತು ವರ್ಷ ಮಂಡಿಯಲ್ಲಿ ತೂಕ ನೋಡಿ ಬರೆದವರು. ಆರುನೂರು ಅಂತ ಸುಳ್ಳು ಹೇಳಿದ್ದೇನೆ.